ಟೇಲ್‌ಸ್ಟಾಕಿನ ಕೆಂಪು ಬಟ್ಟೆ

ಮೈಕ್ರೋಮೀಟರ್ ಹಿಡಿದು ಮತ್ತೆ ಮತ್ತೆ ಅಳೆದರೂ ಅದು ಅದೇ ಮಾತು ಹೇಳುತ್ತಿತ್ತು. ಶಾಫ್ಟ್ ಚಕ್ಕಿನ ಕಡೆ ದಪ್ಪ, ಟೇಲ್‌ಸ್ಟಾಕ್ ಕಡೆ ಸಣ್ಣ. ರುಕ್ಸಾನಾ ಕಬ್ಬಿಣ ಹೆರೆಯುವ ಲೇತಿನಿಂದ ಹಿಂದೆ ಸರಿದು, ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೇ ಖಾಕಿ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡಳು.

"ಆತೇನಕ್ಕಾ?" ಬಾಗಿಲಲ್ಲಿ ಕೂತಿದ್ದ ತಿಪ್ಪೇಶ್ ಕೇಳಿದ. ಅವನು ಕೆರೆಬಿಳಚಿಯಲ್ಲಿ ನೀರು ಬಿಡುವವನು. ಟ್ಯಾಂಕಿಗೆ ನೀರೇರಿಸುವ ಪಂಪಿನ ಶಾಫ್ಟ್ ತುಂಡಾಗಿ ಅರ್ಧ ಊರಿನ ನಲ್ಲಿಗಳು ಒಣಗಿದ್ದವು. ಬೆಳಗ್ಗೆಯಿಂದ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹೊಸ ಶಾಫ್ಟಿಗೆ ತಕ್ಕ ಉಕ್ಕಿನ ಸಲಾಕೆ ಸಿಕ್ಕಿದ್ದು ಒಂದೇ ಒಂದು. ಅದನ್ನು ದಾವಣಗೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅದು ಕೆಟ್ಟರೆ ಇವತ್ತಿಗೆ ಇನ್ನೊಂದಿಲ್ಲ.

"ಇನ್ನೂ ಐತೆ, ಕೂತ್ಕಳಪ್ಪ," ಎಂದಳು.

ಉದ್ದನೆಯ ಸಲಾಕೆಯನ್ನು ಒಂದು ತುದಿಯಲ್ಲಿ ಚಕ್ ಕಚ್ಚಿ ತಿರುಗಿಸುತ್ತದೆ. ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ತನ್ನ ಮೊನೆಯೊತ್ತಿ ಆಸರೆ ಕೊಡುತ್ತದೆ. ನಡುವೆ ಟೂಲ್, ಅಂದರೆ ಉಳಿ, ನೇರ ಸಾಗುತ್ತ ಹೆರೆಯುತ್ತದೆ. ಎರಡು ತುದಿಗಳೂ ಒಂದೇ ಗೆರೆಯಲ್ಲಿದ್ದರೆ ಕೆಲಸ ಸಲೀಸು. ಟೇಲ್‌ಸ್ಟಾಕ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಶಾಫ್ಟ್ ಒಂದು ಕಡೆ ಸಣ್ಣಗಾಗುತ್ತದೆ, ಬೇರಿಂಗ್ ಹಿಡಿಯುವುದಿಲ್ಲ. ಒಂದು ತುದಿ ಸಣ್ಣಗಿರಬೇಕಾದ ಓರೆ ಕೆಲಸ ಬಂದಾಗ ಬೇಕೆಂದೇ ಸರಿಸುವುದೂ ಉಂಟು. ಹಾಗೆ ಸರಿಸಿದವರು ಟೇಲ್‌ಸ್ಟಾಕಿನ ಕೈಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಬೇಕು, ವಾಪಸ್ ಗೆರೆಗೆ ತಂದ ಮೇಲೇ ಬಿಚ್ಚಬೇಕು. ಇದು ಚನ್ನಗಿರಿಯ ಆ ಅಂಗಡಿಯ ಕಾನೂನು. ಮಾಡಿದವನು ರುಕ್ಸಾನಾಳ ಗಂಡ ಲಾಲ್‌ಸಾಬ್. ನ್ಯಾಮತಿಯಿಂದ ಬಂದು ಕೆಲಸಕ್ಕಿದ್ದ ಹನುಮಂತಪ್ಪ ಒಮ್ಮೆ ಬಟ್ಟೆ ಕಟ್ಟುವುದು ಮರೆತಿದ್ದಕ್ಕೆ, ನಮಾಜಿಗೆ ಹೊರಟಿದ್ದ ಲಾಲ್‌ಸಾಬ್ ಅರ್ಧ ದಾರಿಯಿಂದ ತಿರುಗಿ ಬಂದು ಬೈದು ಹೋಗಿದ್ದ.

ಇವತ್ತು ಬಟ್ಟೆ ಇರಲಿಲ್ಲ. ಇಲ್ಲವಲ್ಲ, ಎಲ್ಲ ಗೆರೆಯಲ್ಲೇ ಇದೆ ಎಂದು ನಂಬಿ ರುಕ್ಸಾನಾ ಟೂಲ್ ಹಚ್ಚಿದ್ದಳು.

ಜಗಳೂರಿನಲ್ಲಿ ಹುಟ್ಟಿದ ಅವಳು ಕಬ್ಬಿಣ ಕತ್ತರಿಸುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ರವಿಕೆ ಹೊಲಿದು ಹೆಸರು ಮಾಡಿದವಳು. ಲಾಲ್‌ಸಾಬನಿಗೆ ಲಕ್ವಾ ಹೊಡೆದು ಬಲಗೈ ಜೋತುಬಿದ್ದ ಮೇಲೆ ಹೊಲಿಗೆ ಮಷಿನ್ನನ್ನು ಅಂಗಡಿಯ ಮೂಲೆಗೆ ತಂದಿಟ್ಟು ಲೇತಿನ ಮುಂದೆ ನಿಂತಳು. ಅವನು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟ. ಪುಣ್ಯಕ್ಕೆ ಬಾಯಿಗೆ ಏನೂ ಆಗಿರಲಿಲ್ಲ, ಆಗಿದ್ದರೂ ಆ ಬಾಯಿ ಸುಮ್ಮನಿರುತ್ತಿತ್ತೆಂಬ ನಂಬಿಕೆ ಓಣಿಯಲ್ಲಿ ಯಾರಿಗೂ ಇಲ್ಲ. ದಿನವಿಡೀ ಟೂಲ್ ಮೊಂಡು, ಎಣ್ಣೆ ಕಮ್ಮಿ ಎಂದು ತಲೆ ತಿನ್ನುತ್ತಿದ್ದವನು ಇವತ್ತು ಬೆಳಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ.

ಅದು ಅವಳಿಗೆ ಈಗ ಹೊಳೆಯಿತು. ಹೊನ್ನಾಳಿಯ ಮಗಳ ಮನೆಗೆ ಹೋಗಿದ್ದವಳು ನಿನ್ನೆ ಸಂಜೆಯಷ್ಟೇ ಬಂದಿದ್ದಳು. ಅಂಗಡಿಯ ಕೀಲಿ ಮನೆಯಲ್ಲಿ ಗಂಡನ ಬಳಿಯೇ ಇತ್ತು.

"ರೀ, ಟೇಲ್‌ಸ್ಟಾಕ್ ಯಾರು ಸರಿಸಿದ್ರು?"

ಲಾಲ್‌ಸಾಬ್ ರಸ್ತೆ ನೋಡಿದ.

"ಇಲಿ ಸರಿಸ್ತೇನೋ?" ಅವಳಿಗೆ ಮೈ ಉರಿಯಿತು. ಅವನದೇ ಕಾನೂನು, ಅವನೇ ಮುರಿದು ಕಲ್ಲಿನಂತೆ ಕೂತಿದ್ದಾನೆ. ತಿಪ್ಪೇಶ್ ಹೋದ ಮೇಲೆ ಜನ್ಮ ಜಾಲಾಡಬೇಕೆಂದು ಹಲ್ಲು ಕಚ್ಚಿ, ಸ್ಪ್ಯಾನರ್ ಹಿಡಿದು ಟೇಲ್‌ಸ್ಟಾಕಿನ ಬುಡಕ್ಕೆ ಬಗ್ಗಿದಳು.

ಅಲ್ಲೇ, ಲೇತಿನ ಅಡಿಯ ಕಬ್ಬಿಣದ ಸುರುಳಿಗಳ ನಡುವೆ, ಕೆಂಪು ಬಟ್ಟೆ ಬಿದ್ದಿತ್ತು. ಎತ್ತಿಕೊಂಡಳು. ಒಂದು ತುದಿ ಜಗಿದು ಮುದ್ದೆಯಾಗಿತ್ತು. ಅದರಲ್ಲಿ ಹಲ್ಲಿನ ಗುರುತುಗಳಿದ್ದವು.

ಅವಳು ಬಟ್ಟೆಯನ್ನು ಗಂಡನ ಕಡೆ ಚಾಚಿದಳು.

"ನೀನು ಹೋದಾಗ ಬಂದಿದ್ದೆ," ಎಂದ ಲಾಲ್‌ಸಾಬ್, ತಿಪ್ಪೇಶನಿಗೆ ಕೇಳದಂತೆ. "ಒಂದು ಓರೆ ಪಿನ್ ಮಾಡಾಣ, ಕೈ ಇನ್ನೂ ನಡೀತೈತಾ ನೋಡಾಣ ಅಂತ. ಸರಿಸಾಕೆ ಒಂದು ಕೈ ಸಾಕಾತು. ವಾಪಸ್ ಗೆರೆಗೆ ತರಾಕೆ ಆಗ್ಲಿಲ್ಲ. ಬಟ್ಟೆನಾರ ಕಟ್ಟಾಣ ಅಂದ್ರೆ ಗಂಟು ಹಾಕಾಕೆ ಎರಡು ಕೈ ಬೇಕು."

"ಬಾಯಿ ಇತ್ತಲ್ಲ, ಹೇಳಾಕೆ ಏನಾಗಿತ್ರೀ?"

"ನಾಚಿಕೆ ಆತು."

ರುಕ್ಸಾನಾಳ ಸಿಟ್ಟು ಇನ್ನೂ ಹೋಗಿರಲಿಲ್ಲ. "ನಿಮ್ ನಾಚಿಕೆಗೆ ಊರು ನೀರಿಲ್ದೆ ಕೂರಬೇಕಾ? ಇತ್ಲಾಗೆ ಬರ್ರಿ, ಗೇಜ್ ನೋಡಿ ಹೇಳ್ರಿ."

ಸಣ್ಣ ತುದಿಯಲ್ಲಿ ತೆಗೆಯಲು ಉಳಿದಿದ್ದು ತೀರಾ ಚೂರು. ಇನ್ನೊಂದು ಸಲ ತಪ್ಪಿದರೆ ಮುಗಿಯಿತು. ಎರಡು ತುದಿಗಳ ವ್ಯತ್ಯಾಸದ ಅರ್ಧದಷ್ಟು ಟೇಲ್‌ಸ್ಟಾಕನ್ನು ಹಿಂದಕ್ಕೆ ತಳ್ಳಬೇಕು. ಅವಳು ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಟೇಲ್‌ಸ್ಟಾಕಿಗೆ ತಾಗಿಸಿ ನಿಲ್ಲಿಸಿ ಹಿಂದಿನ ಸ್ಕ್ರೂ ಕಡೆ ಹೋದಳು. ಅಲ್ಲಿಂದ ಮುಳ್ಳು ಕಾಣದು. ಲಾಲ್‌ಸಾಬ್ ಕೋಲೂರಿ ಬಂದು ಗೇಜಿಗೆ ಮೂಗು ತಾಗುವಷ್ಟು ಬಗ್ಗಿದ.

"ಬಿಗಿ ಮಾಡು. ಇನ್ನೂ. ನಿಧಾನ ಮಾರಾಯ್ತಿ. ಸಾಕು, ಸಾಕು! ದಾಟ್ತು. ಒಂಚೂರು ಬಿಡು."

ಕೊನೆಗೆ ಮುಳ್ಳು ನಿಂತಿತು. ನಟ್ಟು ಬಿಗಿ ಮಾಡಿದಾಗ ಮತ್ತೆ ಅಲುಗಿತು. ಸಡಿಲಿಸಿ ಮತ್ತೆ ಕೂರಿಸಿದರು. ತಿಪ್ಪೇಶ್ ಫೋನು ಬಡಿದುಕೊಂಡರೂ ಎತ್ತದೆ ಎದ್ದು ನಿಂತಿದ್ದ.

ಟೂಲ್ ಹಚ್ಚಿದಳು. ದಪ್ಪ ಕಡೆ ಮಾತ್ರ ಸುರುಳಿ ಎದ್ದಿತು. ಅಳೆದಳು. ಕೊನೆಯ ಕಟ್ ಕೊಟ್ಟು ಅಲ್ಲಾಹ್ ಎಂದು ಮತ್ತೆ ಅಳೆದಳು. ಎರಡೂ ತುದಿ ಒಂದೇ. ಬೇರಿಂಗ್ ತೊಡಿಸಿದರೆ ಬಿಗಿಯಾಗಿ ಹೋಗಿ ಕೂತಿತು. ಅವಳಿಗೆ ಅಳು ಬಂತು, ತಿರುಗಿ ನಿಂತಳು. ತಿಪ್ಪೇಶ್ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಊರಿನವರು ಕಳಿಸಿದ್ದ ಬೈಕ್ ಏರಿ ಹೋದ.

ಜನ್ಮ ಜಾಲಾಡುವ ಕೆಲಸ ಬಾಕಿಯಿತ್ತು. ರುಕ್ಸಾನಾ ಕೈ ತೊಳೆದು ಮೂಲೆಯ ಹೊಲಿಗೆ ಮಷಿನ್ ಮುಂದೆ ಕೂತಳು. ಕೆಂಪು ಬಟ್ಟೆಯ ಎರಡು ತುದಿ ಜೋಡಿಸಿ, ನಡುವೆ ಒಂದಿಷ್ಟು ಎಲಾಸ್ಟಿಕ್ ಇಟ್ಟು, ಬಳೆಯಂತೆ ಹೊಲಿದಳು. ಅವನ ಕುರ್ಚಿಯ ಎಡಗಡೆ, ಕೈಗೆಟುಕುವ ಮೊಳೆಗೆ ನೇತು ಹಾಕಿದಳು.

ಲಾಲ್‌ಸಾಬ್ ಅದನ್ನು ಎಡಗೈಯಲ್ಲಿ ತೆಗೆದು ಟೇಲ್‌ಸ್ಟಾಕಿನ ಕೈಚಕ್ರಕ್ಕೆ ಸಿಕ್ಕಿಸಿದ. ತೆಗೆದ. ಮತ್ತೆ ಸಿಕ್ಕಿಸಿದ.

"ಈಗ ಸರಿಸಿಲ್ಲಲ್ರೀ, ತೆಗೀರಿ ಅದನ್ನ," ಎಂದಳು.

"ನಾಳೆ ಸರಿಸ್ತೀನಿ," ಎಂದ ಅವನು.