ಕಾಯಿಲೆ ಇದೆಯೇ ಎಂಬ ಕಾಲಂ

ಆರೋಗ್ಯ ವಿಮೆ ಬದಲಾಯಿಸೋಣ ಎಂದು ಹೊರಟವಳು ನಾನೇ. ಹಳೆಯ ಪಾಲಿಸಿಯ ಪಟ್ಟಿಯಲ್ಲಿದ್ದ ಆಸ್ಪತ್ರೆಗಳೆಲ್ಲ ಬೆಂಗಳೂರಿನವು. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ, ಹೆಬ್ಬಾಳದ ಟ್ರಾಫಿಕ್ ದಾಟುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹೊಸ ಪಾಲಿಸಿಯಲ್ಲಿ ಚಿಕ್ಕಬಳ್ಳಾಪುರದ್ದೂ ಚಿಂತಾಮಣಿಯದ್ದೂ ಇದ್ದವು.

ಏಜೆಂಟ್ ಹುಡುಗಿ ಮನೆಗೇ ಬಂದು, ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾ ಕಾಯಿಲೆಯ ಕಾಲಂಗೆ ಬಂದಳು.

"ಏನೂ ಇಲ್ಲಮ್ಮ, ಇಲ್ಲ ಅಂತ ಬರ್ಕೊ," ಎಂದರು ನಮ್ಮ ಯಜಮಾನರು.

ನನಗೆ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮನುಷ್ಯ. ಆ ಆವಿ ಕುಡಿದೂ ಕುಡಿದೂ ಎರಡು ವರ್ಷದಿಂದ ಉಬ್ಬಸ. ಆದರೆ ನಮ್ಮ ಬೀದಿಯ ರೀಲಿಂಗ್ ಮನೆಗಳಲ್ಲಿ ಅದನ್ನು ಕಾಯಿಲೆ ಎನ್ನುವುದಿಲ್ಲ. ಕಾಯಿಲೆ ಎಂದರೆ ಶುಗರ್ರು, ಬಿಪಿ, ಹಾರ್ಟು. ಕೆಮ್ಮಿಗೆ ಬಿಸಿನೀರು ಕುಡಿದರೆ ಆಯಿತು.

"ಉಬ್ಬಸ ಇದೆ, ಬರಿಯಮ್ಮ," ಎಂದೆ.

"ಸುಮ್ನಿರೇ. ಅದು ಗೂಡಿನ ಕೆಮ್ಮು. ಬೀದಿಗೆಲ್ಲಾ ಇಲ್ವಾ?"

ಹುಡುಗಿ ಪೆನ್ನು ಕೆಳಗಿಟ್ಟಳು. "ಅಂಕಲ್, ಮುಚ್ಚಿಟ್ರೆ ನಾಳೆ ಆಸ್ಪತ್ರೆ ಸೇರ್ದಾಗ ಕ್ಲೇಮ್ ಕೊಡಲ್ಲ. ಹೇಳಿದ್ರೆ ಹೊಸ ಕಂಪನಿಯವ್ರು ಬೇಡ ಅನ್ನಬಹುದು, ಅನ್ಲಿ ಬಿಡಿ. ಇದು ಹಳೇ ಪಾಲಿಸಿ ತಗೊಂಡ್ಮೇಲೆ ಬಂದಿದ್ದು ತಾನೇ? ಅದರಲ್ಲಿ ನಡಿಯತ್ತೆ. ಹೊಸಬರು ಒಪ್ಪೋ ತನಕ ಹಳೇದನ್ನ ಮಾತ್ರ ಬಿಡಬೇಡಿ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವಳು ನಾನೇ ಎಂದಾಯಿತು. ಆ ಸಿಟ್ಟನ್ನೂ ಯಜಮಾನರ ಮೇಲೆ ತೀರಿಸಿಕೊಳ್ಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಮಾತಾಡಿದರು. ನನ್ನ ಹತ್ತಿರವಲ್ಲ, ಆ ಹುಡುಗಿಯ ಹತ್ತಿರ.

"ಬರ್ಕೊಳಮ್ಮ. ಉಸಿರು ಕಟ್ಟತ್ತೆ. ಮಹಡಿ ಹತ್ತೋವಾಗ ನಾಕನೇ ಮೆಟ್ಲಿಗೇ ನಿಂತ್ಕೋತೀನಿ. ಇವಳಿಗೆ ಗೊತ್ತಾಗ್ಬಾರ್ದು ಅಂತ ಫೋನ್ ನೋಡೋ ಥರ ಮಾಡ್ತೀನಿ."

ಮೆಟ್ಟಿಲ ಮೇಲೂ ಫೋನೇ ಎಂದು ನಾನು ಎಷ್ಟು ಸಲ ರೇಗಿದ್ದೆನೋ. ನಾಚಿಕೆಯಾಯಿತು. ಕಾಫಿ ತರುವ ನೆಪ ಮಾಡಿ ಒಳಗೆ ಹೋಗಿ ಅತ್ತುಬಿಟ್ಟೆ.

ಹೊಸ ಕಂಪನಿಯವರು ಬೇಡ ಎಂದರು. ಹಳೆಯದನ್ನೇ ಮುಂದುವರಿಸಿದೆವು. ಆಸ್ಪತ್ರೆಗೆ ಬೆಂಗಳೂರೇ ಗತಿ.

ಆ ವಾರವೇ ನಮ್ಮ ಮಂಚವನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತರಿಸಿದೆ. ಬೀದಿಯವರು ಕೇಳಿದರೆ, ಮೇಲೆ ತುಂಬಾ ಸೆಖೆ ಎನ್ನುತ್ತೇನೆ.