ಕಾರ್ಡಿನಲ್ಲಿ ಅಚ್ಚಾದ ಖಾರ

ನಮ್ಮ ಯಜಮಾನರು ಮುದ್ರಕರು. ಮೂವತ್ತು ವರ್ಷದಿಂದ ಎರಡು ಕೋಣೆಯ ಪ್ರೆಸ್ಸಿನಲ್ಲಿ ಕರೆಯೋಲೆ, ರಸೀದಿ ಪುಸ್ತಕ, ಹೋಟೆಲುಗಳ ಮೆನು ಕಾರ್ಡು ಅಚ್ಚು ಹಾಕುತ್ತಾ ಬಂದಿದ್ದಾರೆ. ಉಗುರಿನ ಸಂದಿಯ ಮಸಿ ಇವತ್ತಿಗೂ ಹೋಗಿಲ್ಲ, ಬೇರೆಯವರ ಅಚ್ಚಿನಲ್ಲಿ ತಪ್ಪು ಹುಡುಕುವ ಚಟವೂ ಹೋಗಿಲ್ಲ. ಯಾವ ಹೋಟೆಲಿಗೆ ಹೋದರೂ ಮೊದಲು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಬೇಕು. ಅಕ್ಷರ ಮಾಸಲಾಗಿದ್ದರೆ ಅಡಿಗೆಯೂ ಅಷ್ಟಕ್ಕಷ್ಟೇ ಎಂದು ಮುಖ ಸಿಂಡರಿಸುವ ಆಸಾಮಿ.

ಥಾಯ್ ಊಟದ ಹುಚ್ಚು ಹಿಡಿದದ್ದೂ ಈ ಅಚ್ಚಿನ ದೆಸೆಯಿಂದಲೇ. ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಒಬ್ಬ ಥಾಯ್ ಹೆಂಗಸು ಆರು ಮೇಜಿನ ಹೋಟೆಲು ತೆರೆದಿದ್ದಳು. ಅಡಿಗೆ ಅವಳ ತಾಯಿಯದು. ಕಾರ್ಡಿನ ಕೆಲಸಕ್ಕೆಂದು ಹೋದಾಗ ಆ ಮುದುಕಿ ಇವರಿಗೆ ತೆಂಗಿನ ಹಾಲಿನ ಸೂಪು ಕೊಟ್ಟರು. ನಿಂಬೆಹುಲ್ಲಿನ ಘಮ, ಹಿತವಾದ ಹುಳಿ, ಖಾರ ಹೆಸರಿಗೆ ಮಾತ್ರ. ಮನೆಯಲ್ಲಿ ವಾರವಿಡೀ ಅದೇ ಮಾತು, ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ಆಮೇಲೆ ಎರಡು ತಿಂಗಳಿಗೆ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಹೊಸ ಹಲ್ಲಿನ ಸೆಟ್ಟು ಬಂತು. ವರ್ಷವಿಡೀ ನುಣ್ಣಗೆ ಅರೆದದ್ದನ್ನೇ ನುಂಗಿದ ಜೀವ, "ಏನಾದ್ರೂ ಹೊಸಾದ್ದು ತಿನ್ನಿಸೋ" ಎಂದರು. ಊರಲ್ಲಿ ಮೂರು ಥಾಯ್ ಹೋಟೆಲುಗಳಿದ್ದವು. ಸ್ಟೇಷನ್ ಎದುರಿನದರಲ್ಲಿ ಗಲಾಟೆ, ಚಿತ್ರಮಂದಿರದ ಮೇಲಿನದರ ಕಾರ್ಡಿನಲ್ಲಿ ಅಡಿಗೆಗಿಂತ ಫೋಟೋ ಜಾಸ್ತಿ ಎಂದು ಇವರು ತಾವೇ ತೀರ್ಪು ಕೊಟ್ಟು ನಮ್ಮನ್ನು ಓಣಿಗೆ ಕರೆದುಕೊಂಡು ಹೋದರು. ನಿಜವಾದ ಕಾರಣ ನನಗೆ ಗೊತ್ತಿಲ್ಲವೇ? ತಮ್ಮ ಕೈಕೆಲಸ ಅಕ್ಕನಿಗೆ ತೋರಿಸಬೇಕಿತ್ತು.

ಕಾರ್ಡಿನಲ್ಲಿ ಒಂದೊಂದು ಅಡಿಗೆಯ ಪಕ್ಕವೂ ಕೆಂಪು ಮೆಣಸಿನಕಾಯಿಯ ಗುರುತು. ಒಂದಿದ್ದರೆ ಸ್ವಲ್ಪ ಖಾರ, ಮೂರಿದ್ದರೆ ಬೆಂಕಿ. ಕಡೇ ಸಾಲಿನ ಕಾಡು ಸೊಪ್ಪಿನ ಕರಿಗೆ ಒಂದೂ ಇರಲಿಲ್ಲ.

"ಅಕ್ಕಾ, ಇದನ್ನ ತಗೋ. ತಿಳಿಯಾಗಿರತ್ತೆ, ಖಾರಾನೇ ಇಲ್ಲ. ನನ್ನ ಕಾರ್ಡು ಸುಳ್ಳು ಹೇಳಲ್ಲ."

ಎರಡನೇ ಚಮಚಕ್ಕೆ ಅತ್ತಿಗೆಯ ಕಣ್ಣು ಮೂಗಲ್ಲೆಲ್ಲ ನೀರು. ಕೆಮ್ಮಿದ ರಭಸಕ್ಕೆ ಹೊಸ ಸೆಟ್ಟು ಕರವಸ್ತ್ರದೊಳಗೆ ಬಂತು. ಸುತ್ತಲಿನವರೆಲ್ಲ ಉಣ್ಣುವುದು ಬಿಟ್ಟು ನೋಡುತ್ತಿದ್ದರು. ಇವರಿಗೆ ಪಿತ್ತ ನೆತ್ತಿಗೇರಿತು.

"ಏನ್ರೀ ಇದು? ಅಚ್ಚು ಹಾಕಿದ ಮಾತಿಗೆ ಬೆಲೆ ಬೇಡ್ವಾ? ಅಡಿಗೆ ಮಾಡೋರಿಗೆ ನಾಲಿಗೆ ಸತ್ತುಹೋಗಿದ್ಯಾ?"

ಹೋಟೆಲಿನಾಕೆ ಕುಗ್ಗಿಹೋದಳು. "ತಪ್ಪಾಯ್ತು ಸಾರ್. ಎರಡು ತಿಂಗಳಿಂದ ದಿನಾ ಇದೇ ದೂರು. ಅಮ್ಮನಿಗೆ ವಯಸ್ಸಾಯ್ತು, ಕೈ ಅಳತೆ ತಪ್ತಿದೆ," ಎಂದು ತಾಯಿಯನ್ನು ಕರೆಯಲು ಒಳಗೆ ಹೋದಳು.

ಅಷ್ಟರಲ್ಲಿ ನನ್ನ ಕಣ್ಣು ಕಾರ್ಡಿನ ಮೇಲೆ ಬಿತ್ತು. ಇವರು ಹೊಗಳಿ ಹೊಗಳಿ ಕುಡಿಯುತ್ತಿದ್ದ ಅದೇ ತೆಂಗಿನ ಹಾಲಿನ ಸೂಪಿಗೆ ಮೂರು ಮೆಣಸಿನಕಾಯಿ! ಬೆರಳಿಟ್ಟು ತೋರಿಸಿದೆ. ಇವರ ಮುಖ ಬಿಳಿಚಿಕೊಂಡಿತು. ಮೊದಲು ಕಪ್ಪಿನಲ್ಲಿ ಹೆಸರು, ಆಮೇಲೆ ಕೆಂಪಿನಲ್ಲಿ ಮೆಣಸಿನಕಾಯಿ, ಹೀಗೆ ಎರಡು ಸಲ ಅಚ್ಚಾದ ಕಾರ್ಡು ಅದು. ಕಡೇ ಗಳಿಗೆಯಲ್ಲಿ ಹೋಟೆಲಿನಾಕೆ ಪಟ್ಟಿಯ ಮೊದಲಿಗೆ ಒಂದು ಹೊಸ ಅಡಿಗೆ ಸೇರಿಸಲು ಹೇಳಿದ್ದಳಂತೆ. ಇವರು ಹೆಸರುಗಳನ್ನೆಲ್ಲ ಒಂದು ಸಾಲು ಕೆಳಗಿಳಿಸಿ, ಕೆಂಪನ್ನು ಇಳಿಸುವುದು ಮರೆತಿದ್ದರು. ಪ್ರತಿ ಅಡಿಗೆಗೂ ಅದರ ಕೆಳಗಿನದರ ಖಾರ ಬಿದ್ದು, ಕಡೇದಕ್ಕೆ ಒಂದೂ ಉಳಿದಿರಲಿಲ್ಲ. ನಮ್ಮ ಅಕ್ಷರ ಓದಲು ಬಾರದ ತಾಯಿ ಮಗಳು ಇವರನ್ನು ನಂಬಿ ಕಾರ್ಡು ತೆಗೆದುಕೊಂಡಿದ್ದರು.

ಮುದುಕಿ ಸೆರಗಿಲ್ಲದ ಅಂಗಿಯ ಅಂಚಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಅಷ್ಟು ಜನರ ಎದುರಿಗೆ ಇವರಿಗೆ ಕೈಮುಗಿದು ನಿಂತರು. ಈಗಲಾದರೂ ಹೇಳುತ್ತಾರೆ ಅಂದುಕೊಂಡೆ. ಇವರು ಕಾರ್ಡು ಮುಚ್ಚಿ, "ಇರ್ಲಿ, ಇನ್ಮೇಲೆ ನೋಡ್ಕೊಳ್ಳಿ," ಎಂದರು. ನಾನಾದರೂ ಬಾಯಿ ಬಿಟ್ಟೆನೇ? ಇಲ್ಲ. ಗಂಡನ ಮಾನ ಎಂದು ತೆಪ್ಪಗೆ ಕೂತೆ. ನಾಚಿಕೆಯಾಗುತ್ತದೆ ಹೇಳಲು, ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದೂ ಬಂದೆ.

ಆ ವಾರ ಇವರಿಗೆ ಅನ್ನ ಸೇರಲಿಲ್ಲ. ರಜೆಯ ದಿನ ಒಬ್ಬರೇ ಪ್ರೆಸ್ಸಿನಲ್ಲಿ ಕೂತು ಕಾರ್ಡುಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿದರು. "ಸುಮ್ನೆ ಉಡುಗೊರೆ ಅಂತ ಕೊಟ್ಟುಬಿಡೋಣ ಕಣೇ. ಹಳೇದು ಎತ್ತಿಟ್ರೆ ಎಲ್ಲಾ ಸರಿಹೋಗತ್ತೆ," ಎಂದರು. ನಾನು ಹೂಂ ಎಂದು ಜೊತೆಗೆ ಹೊರಟೆ.

ಒಲೆಯ ಮುಂದೆ ಮಗಳಿದ್ದಳು. ಮುದುಕಿ ಹಿಂಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. "ಅಮ್ಮನ್ನ ಒಲೆ ಹತ್ರ ಬಿಡ್ತಿಲ್ಲ ಸಾರ್," ಎಂದು ಮಗಳು ನಾವು ಕೊಟ್ಟ ಕಾರ್ಡಿನ ಕಟ್ಟು ಬಿಚ್ಚಿ ಹಿಗ್ಗಿದಳು. "ನಮ್ಮಿಂದ ಅಷ್ಟು ತೊಂದ್ರೆ ಆದ್ರೂ ಉಡುಗೊರೆ ತಂದ್ರಲ್ಲ!" ಅದನ್ನು ಕೇಳಿ ಮುದುಕಿ ಎದ್ದು ಬಂದು ಮತ್ತೆ ಕೈಮುಗಿದರು.

ಇವರು ತಟ್ಟನೆ ಆ ಕೈ ಹಿಡಿದುಕೊಂಡರು. "ಬೇಡಮ್ಮಾ. ನಿಮ್ಮ ಕೈ ತಪ್ಪಿಲ್ಲ. ತಪ್ಪು ಅಚ್ಚು ಹಾಕಿದ್ದು ನಾನು," ಎಂದು ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು, ಒಂದೊಂದೇ ಸಾಲು ಓದಿ ತೋರಿಸಿದರು. ಮಗಳು ಸೌಟು ಕೆಳಗಿಟ್ಟಳು.

ಮುದುಕಿ ಕಾರ್ಡಿನಿಂದ ತಲೆಯೆತ್ತಿದರು. "ಅವತ್ತು ನಾನು ಕೈಮುಗಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ನನ್ನ ಕಡೆ ತಿರುಗಿದರು. "ನಿಮಗೂ?"

ಮೊದಲು ಕಂಡುಹಿಡಿದದ್ದೇ ನಾನು. ತಲೆ ತಗ್ಗಿಸಿದೆ.