ರತ್ನವ್ವನ ಪಂಕ್ತಿ

ಕುದಿಯುವ ಜೋಳದ ನುಚ್ಚಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಏಳುವ ವಾಸನೆ ಎಲ್ಲಿ ಮೂಗಿಗೆ ತಾಕಿದರೂ ನನ್ನ ಕಾಲು ತಂತಾನೆ ನಿಲ್ಲುತ್ತದೆ. ಮೊನ್ನೆ ಹಿರೇಕೆರೂರಿನಲ್ಲಿ ಬಸ್ಸಿಳಿದು ಓಣಿಯೊಂದರಲ್ಲಿ ನಡೆಯುವಾಗಲೂ ಹಾಗೇ ಆಯಿತು. ಯಾರದೋ ಮನೆಯ ಕಿಟಕಿಯ ಕೆಳಗೆ ನಿಂತುಬಿಟ್ಟಿದ್ದೆ. ಮನಸ್ಸು ಆಗಲೇ ಶಿಗ್ಗಾಂವಿಯ ಚರ್ಚಿನ ಹಿತ್ತಲಿಗೆ ಹೋಗಿತ್ತು. ಅಲ್ಲೊಂದು ತಗಡಿನ ಉದ್ದನೆಯ ಪಡಸಾಲೆ, ಅದರ ತುದಿಗೆ ಮೂರು ಒಲೆ, ಒಲೆಗಳ ಹಿಂದೆ ಎರಡು ಖೋಲಿಯ ನಮ್ಮ ಮನೆ. ನಿಮಗೂ ಅಂಥದ್ದೊಂದು ಅಡುಗೆಮನೆ ಇದ್ದಿರಬೇಕು, ಈಗ ಹುಡುಕಿದರೂ ಸಿಗದಂಥದ್ದು. ಹಾಗಿದ್ದರೆ ನಾನು ಹೇಳುವುದು ನಿಮಗೆ ಹೊಸದೆನಿಸಲಿಕ್ಕಿಲ್ಲ.

ಆ ಪಡಸಾಲೆಯಲ್ಲಿ ದಿನಾ ಮಧ್ಯಾಹ್ನ ಇಲ್ಲದವರಿಗೆ ಊಟ ಹಾಕುತ್ತಿದ್ದರು. ನಡೆಸುತ್ತಿದ್ದವರು ಸಿಸ್ಟರ್ ಎಮಿಲಿಯಾ. ಕರಾವಳಿಯ ಕಡೆಯವರು, ತೆಳ್ಳಗೆ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದವರು. ಸಂಬಳದವರು ಅಲ್ಲಿ ಒಬ್ಬರೂ ಇರಲಿಲ್ಲ. ಪಕ್ಕದ ಓಣಿಯ ಮಾಬೂಬಿ ಚಾಚಿ ಮನೆಗೆಲಸ ಮುಗಿಸಿ ರೊಟ್ಟಿ ಬಡಿಯಲು ಬರುತ್ತಿದ್ದರು. ನನ್ನ ಅವ್ವ ರತ್ನವ್ವ ಬೆಳಿಗ್ಗೆ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬಂದು ಇಲ್ಲಿ ಒಲೆ ಹಚ್ಚುತ್ತಿದ್ದಳು. ಮೊದಲು ನಾವೂ ಅಲ್ಲಿ ಉಣ್ಣಲು ಹೋದವರೇ. ಅಪ್ಪ ಹಮಾಲಿ ಮಾಡುತ್ತಿದ್ದ. ಚೀಲ ಜಾರಿ ಬೆನ್ನ ಮೇಲೆ ಬಿದ್ದು ಹಾಸಿಗೆ ಹಿಡಿದ ಮೇಲೆ ಅವ್ವ ನನ್ನ ಕೈಹಿಡಿದು ಆ ಸಾಲಿನಲ್ಲಿ ನಿಂತಳು. ಆರು ದಿನ ತಲೆ ತಗ್ಗಿಸಿ ಉಂಡಳು. ಏಳನೆಯ ದಿನ ಸಾಲಿಗೆ ನಿಲ್ಲಲೇ ಇಲ್ಲ, ಸೀದಾ ಹೋಗಿ ಸಿಸ್ಟರ್ ಕೈಯಿಂದ ಸಾರಿನ ಬಕೀಟು ತಗೊಂಡಳು. "ನನಗ ಸುಮ್ನ ಕುಂತು ಉಣ್ಣಾಕ ಬರೂದಿಲ್ರಿ ಸಿಸ್ಟರ್" ಅಂದಳು. ಮರುವಾರವೇ ಹಿಂದಿನ ಎರಡು ಖೋಲಿ ನಮ್ಮದಾದವು. ಅವ್ವ ಮೊದಲು ಹೊತ್ತು ತಂದಿದ್ದು ಬುದ್ಧನ ಪಟ. ಗೋಡೆಗೆ ಮೊಳೆ ಹೊಡೆದುಕೊಟ್ಟವರು ಸಿಸ್ಟರೇ. ಅಪ್ಪ ಏಳುವಂತಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಳು ಹಸನು ಮಾಡುತ್ತಿದ್ದ. ಅವನು ಹಸನು ಮಾಡಿದ ಕಾಳಿನಲ್ಲಿ ಒಂದು ಹರಳು ಸಿಕ್ಕಿದ್ದು ನನಗೆ ನೆನಪಿಲ್ಲ.

ಅವ್ವ ಬಂದ ಮೇಲೆ ಅಲ್ಲಿ ಒಂದು ಪದ್ಧತಿ ಬದಲಾಯಿತು. ಮೊದಲೆಲ್ಲ ಉಣ್ಣಲು ಬಂದವರು ತಾಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಅವ್ವ ಚಾಪೆ ಹಾಸಿದಳು. ಎಲ್ಲರೂ ಕೂತುಕೊಳ್ಳಬೇಕು, ಬಡಿಸುವವರು ಬಗ್ಗಬೇಕು. ಸಂತೆಯಲ್ಲಿ ಬೇಡುವ ಮುದುಕ, ಸರಕಾರಿ ದವಾಖಾನೆಯಲ್ಲಿ ರೋಗಿಯನ್ನು ಬಿಟ್ಟು ಬಂದ ಹಳ್ಳಿಯವರು, ಗಂಡ ಬಿಟ್ಟ ಹೆಂಗಸರು, ಎಲ್ಲರಿಗೂ ಅವಳದು ಒಂದೇ ಮಾತು: "ಇನ್ನೊಂದು ರೊಟ್ಟಿ ಹಾಕ್ಲೇನ್ರಿ? ನಾಚಬ್ಯಾಡ್ರಿ." ಬೀಗರ ಮನೆಗೆ ಬಂದವರಂತೆ ಅವರು "ಸಾಕ್ರಿ ಅಕ್ಕಾರ, ಸಾಕ್ರಿ" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಆಗ ಅವರ ಮುಖದಲ್ಲಿ ಮೂಡುತ್ತಿದ್ದ ಬಿಗುಮಾನವನ್ನು ನಾನು ಆಮೇಲೆ ಬೇರೆಲ್ಲೂ ಕಂಡಿಲ್ಲ. ಆದರೆ ಹತ್ತು ವರ್ಷದ ನನಗೆ ಇದೆಲ್ಲ ಹೆಮ್ಮೆ ಅನ್ನಿಸುತ್ತಿರಲಿಲ್ಲ. ಶಾಲೆಯಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ ಕಾನ್ವೆಂಟಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಸುಳ್ಳು ಹೇಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಉಗ್ರಾಣ ಬರಿದಾಗುತ್ತ ಬಂದಿತ್ತು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತೀರಿಕೊಂಡ ತಂದೆಯ ಹೆಸರಿನಲ್ಲಿ ಒಂದು ಟೆಂಪೋ ತುಂಬ ಅಕ್ಕಿ ಕೊಡುತ್ತಾರೆಂದಾಗ ಎಲ್ಲರಿಗೂ ಜೀವ ಬಂದಂತಾಯಿತು. ಪೇಪರಿನಲ್ಲಿ ಫೋಟೋ ಬರುತ್ತದೆ ಎಂದು ಕೇಳಿ ನಾನು ಹಬ್ಬದ ಲಂಗ ಉಟ್ಟು, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸಾಹುಕಾರರು ಫೋಟೋದವನನ್ನು ಕರೆದುಕೊಂಡು ಬಂದರು. ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರ ಮುಂದೆ ತಾಟು ಹಿಡಿದು ಬಗ್ಗುವುದು, ಫ್ಲ್ಯಾಶು ಹೊಳೆಯುವುದು, ಮುಂದಿನವರ ಬಳಿ ಸರಿಯುವುದು. ಒಬ್ಬ ಹೆಂಗಸು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಳು. "ಮಾರಿ ಕಾಣಬೇಕು, ಸೆರಗು ತಗೀವಾ" ಎಂದ ಫೋಟೋದವ. ಅವಳ ಪಕ್ಕ ಇಸ್ತ್ರಿ ಅಂಗಿಯ ಒಬ್ಬರು ಕೂತಿದ್ದರು. ಹೆಂಡತಿ ದವಾಖಾನೆಯಲ್ಲಿದ್ದಳು, ಅವರು ನಾಲ್ಕು ದಿನದಿಂದ ನಮ್ಮಲ್ಲಿ ಉಣ್ಣುತ್ತಿದ್ದರು. ಕ್ಯಾಮರಾ ತಮ್ಮ ಕಡೆ ತಿರುಗಿದ್ದೇ ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದು ಬಾಗಿಲ ಕಡೆ ನಡೆದರು.

ಅವ್ವ ಬಕೀಟು ಕೆಳಗಿಟ್ಟು ಬಂದು ಕ್ಯಾಮರಾದ ಮುಂದೆ ನಿಂತಳು.

"ಸಾಹುಕಾರ್ರ, ಉಣ್ಣೋ ಮಂದಿ ಮಾರಿ ತಗೀಬ್ಯಾಡ್ರಿ."

"ಅಕ್ಕಿ ನಂದು. ಯಾರಿಗೆ ಕೊಟ್ಟೆ ಅಂತ ನಾಕ ಮಂದಿಗೆ ಗೊತ್ತಾಗಬ್ಯಾಡೇನು?"

"ನಿಮ್ಮ ಫೋಟೋ ಬೇಕಾದಷ್ಟು ತಗೊಳ್ರಿ. ಚೀಲದ ಬಾಜೂಕ ನಿಂದರ್ರಿ, ನಾನ ಕುರ್ಚಿ ತಂದು ಹಾಕ್ತೇನಿ. ಇವರದು ಬ್ಯಾಡ್ರಿ."

ಯಾರೋ ಕಿಸಕ್ಕೆಂದು ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. "ಹಂಗಾದ್ರ ಅಕ್ಕಿ ವಾಪಸ್ ಒಯ್ತೇನಿ" ಎಂದರು. ಎಲ್ಲರೂ ಸಿಸ್ಟರ್ ಕಡೆ ನೋಡಿದೆವು. ಉಗ್ರಾಣದಲ್ಲಿ ಎಷ್ಟಿದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ರತ್ನವ್ವ ಹೇಳಿದ್ದು ಸರಿ ಉಂಟು. ನೀವು ಚೀಲ ತೆಗೊಂಡು ಹೋಗಿ. ನಮಗೆ ಬೇಜಾರಿಲ್ಲ" ಎಂದರು. ಚೀಲಗಳು ಒಂದೊಂದಾಗಿ ಮತ್ತೆ ಟೆಂಪೋ ಏರಿದವು. ಅವ್ವ ಅಷ್ಟರಲ್ಲಿ ಗೇಟಿನವರೆಗೆ ಓಡಿ ಆ ಇಸ್ತ್ರಿ ಅಂಗಿಯವರನ್ನು ಕರೆತಂದಿದ್ದಳು. ಅವರು ಗೋಡೆಗೆ ಮುಖ ಮಾಡಿ ಕೂತು ಉಂಡು ಮುಗಿಸಿದರು. ನಾನು ಮಾತ್ರ ಲಂಗ ಬಿಚ್ಚಿ ಎಸೆದು ಅತ್ತೆ. "ಎಲ್ಲಾ ನಿನ್ನಿಂದನ ಕೆಟ್ಟಿತು" ಎಂದು ಅವ್ವನಿಗೆ ಅಂದೆ. ಅವಳು ಲಂಗ ಮಡಚಿ ಟ್ರಂಕಿನಲ್ಲಿಟ್ಟಳು.

ಮುಂದಿನ ವಾರ ಪಂಕ್ತಿಗೆ ಬರೀ ನೀರು ನೀರಾದ ನುಚ್ಚು. ಕಾಳು ಬರದಿದ್ದರೆ ಅಡುಗೆಮನೆಗೆ ಬೀಗ ಹಾಕಬೇಕಾದೀತು ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. ಮರುದಿನ ಬೆಳಿಗ್ಗೆ ಅವ್ವ ಎರಡು ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು, ಒಲೆಯನ್ನು ಚಾಚಿಗೆ ಒಪ್ಪಿಸಿ, ನನ್ನನ್ನೂ ಕರೆದುಕೊಂಡು ದುಂಡಸಿಯ ಬಸ್ಸು ಹತ್ತಿದಳು. ಮೊದಲ ಮನೆಯ ಕಟ್ಟೆಯ ಮೇಲೆ ಕೂತಿದ್ದ ಯಜಮಾನರು ಎಲ್ಲ ಕೇಳಿಸಿಕೊಂಡು, "ನೀವು ಮಂದೀನ ಕಿರಿಸ್ತಾನರ ಮಾಡಾಕ ಬಂದವರಲ್ಲೇನ?" ಎಂದರು. ಅವ್ವ ಹೊಸಿಲಿನಾಚೆಯೇ ನಿಂತು ಹೇಳಿದಳು: "ಯಪ್ಪಾ, ನಾ ಅಲ್ಲೇ ಇರ್ತೇನಿ, ಅಲ್ಲೇ ಬೇಯಿಸ್ತೇನಿ. ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ. ಇವತ್ತಿಗೂ ಅದನ್ನ ತಗೀ ಅಂತ ಯಾರೂ ಅಂದಿಲ್ಲ." ಒಳಗಿನಿಂದ ಯಜಮಾನರ ಹೆಂಡತಿ ಮೊರದ ತುಂಬ ಜೋಳ ತಂದು ಚೀಲಕ್ಕೆ ಸುರಿದು, ನನ್ನ ಕಡೆ ತಿರುಗಿ, "ಇಕಿ ನಿಮ್ಮವ್ವೇನ ತಂಗಿ? ಏನು ಮಾಡ್ತಾಳ?" ಎಂದು ಕೇಳಿದಳು. ಕಾನ್ವೆಂಟಿನ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಿಸಿಲಲ್ಲಿ ಚೀಲದ ಬಾಯಿ ಹಿಡಿದು ನಿಂತಿದ್ದ ಅವ್ವ ನೆಟ್ಟಗಿದ್ದಳು, ಬೇಡುವವಳ ಹಾಗೆ ಕಾಣುತ್ತಿರಲಿಲ್ಲ. "ನಮ್ಮವ್ವ ಹಸದವರಿಗೆ ಊಟಕ್ಕ ಹಾಕ್ತಾಳ್ರಿ" ಎಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಪ್ರತಿ ಮನೆಯ ಮುಂದೆಯೂ ಯಾರೂ ಕೇಳುವ ಮೊದಲೇ ನಾನೇ ಹೇಳಿದೆ.

ಹೊತ್ತು ಇಳಿಯುವ ವೇಳೆಗೆ ಎರಡೂ ಚೀಲ ತುಂಬಿದ್ದವು. ಸಿಸ್ಟರ್ ಜೋಳದೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತರು. ಮಳೆಗಾಲದವರೆಗೆ ಅವ್ವ ಹೀಗೇ ಊರೂರು ತಿರುಗಿದಳು. ಸುಗ್ಗಿಯಾದ ಮೇಲೆ ತಿರುಗುವ ಅಗತ್ಯವೇ ಬೀಳಲಿಲ್ಲ. ದುಂಡಸಿಯ ಚಕ್ಕಡಿ ತಾನಾಗೇ ಬಂತು, ಆಡೂರಿನ ಕಡೆಯ ಯಾರೋ ಹೆಸರು ಹೇಳದೆ ಅಕ್ಕಿ ಕಳಿಸಿದರು. ಪಂಕ್ತಿ ಒಂದು ದಿನವೂ ನಿಲ್ಲಲಿಲ್ಲ.

ಈಗ ಅದ್ಯಾವುದೂ ಇಲ್ಲ. ಸಿಸ್ಟರ್ ವಯಸ್ಸಾಗಿ ತಮ್ಮ ಊರ ಕಡೆ ಹೋದರು, ಅಲ್ಲೇ ತೀರಿಕೊಂಡರು. ಚಾಚಿ ಹೋದರು, ಅಪ್ಪ ಹೋದ. ತಗಡಿನ ಪಡಸಾಲೆಯನ್ನೂ ನಮ್ಮ ಎರಡು ಖೋಲಿಗಳನ್ನೂ ಕೆಡವಿ ನೆಲ ಸಮ ಮಾಡಿದ್ದಾರೆ. ಅವ್ವ ಕೊನೆಯ ವರ್ಷಗಳಲ್ಲಿ ಹಂಸಭಾವಿಯಲ್ಲಿ ನನ್ನ ಜೊತೆಗಿದ್ದಳು. ಹೋದ ವರ್ಷ ಅವಳು ತೀರಿಕೊಂಡಾಗ ನಾನು ಬಳಗಕ್ಕಷ್ಟೇ ತಿಳಿಸಿದ್ದೆ. ಆದರೆ ಮಣ್ಣಿನ ಹೊತ್ತಿಗೆ ನಾನು ಕಂಡಿರದ ಮುಖಗಳು ಬರತೊಡಗಿದವು. ಹಾನಗಲ್ಲಿನಿಂದ ಬಂದೆ ಎಂದರು ಒಬ್ಬರು, ಸವಣೂರಿನಿಂದ ಬಂದೆವು ಎಂದರು ಇನ್ನಿಬ್ಬರು. ಒಬ್ಬ ಹೆಂಗಸು ಮಗನ ಕಾರಿನಿಂದಿಳಿದು, ಅವ್ವನ ಕಾಲ ಬಳಿ ಬಹಳ ಹೊತ್ತು ಕೂತಿದ್ದಳು. ಆ ಮಗ ನನ್ನ ಬಳಿ ಬಂದು, "ನಮ್ಮವ್ವಗ ಇವರು ಹೆಂಗ ಪರಿಚಯ್ರಿ? ಎಷ್ಟು ಕೇಳಿದ್ರೂ ಹೇಳವಲ್ಲಳು" ಎಂದ. ಆಕೆ ತಲೆಯೆತ್ತಿ ನನ್ನನ್ನೇ ನೋಡಿದಳು.

"ಹಳೇ ಗೆಳತ್ಯಾರ್ರಿ" ಎಂದೆ. "ನಮ್ಮ ಮನಿಗೆ ಊಟಕ್ಕ ಬರ್ತಿದ್ರು."